ಸುದ್ದಿಗೆ ಕನ್ನಡದ ರೂಪ: ಹೆರ್ಮನ್ ಮೋಗ್ಲಿಂಗ್ ಅವರ ಜೀವನ ಮತ್ತು ಪತ್ರಿಕಾಕಾರ್ಯ

ಕನ್ನಡ ಪತ್ರಿಕೋದ್ಯಮದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ೧೮೪೩ನೆಯ ಇಸವಿಯ ಜುಲೈ ೧ರಿಂದ ಆರಂಭಿಸುತ್ತಾರೆ. ಆ ದಿನ ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯದಿಂದ ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕ ಪತ್ರಿಕೆ ಹೊರಬಂದಿತು. ಅದರ ಸಂಪಾದಕರಾದ ಹೆರ್ಮನ್ ಫ್ರೀಡ್ರಿಕ್ ಮೋಗ್ಲಿಂಗ್ ಅವರಿಗೆ ಆಗ ಮೂವತ್ತೆರಡು ವರ್ಷ. ಕನ್ನಡ ನೆಲಕ್ಕೆ ಬಂದು ಅವರಿಗೆ ಏಳು ವರ್ಷಗಳೂ ತುಂಬಿರಲಿಲ್ಲ. ಮತಪ್ರಸಾರಕ್ಕಾಗಿ ಬಂದ ಒಬ್ಬ ವಿದೇಶೀಯ, ಸುದ್ದಿ ಎಂದರೇನು, ಅದನ್ನು ಕನ್ನಡದಲ್ಲಿ ಯಾವ ಕ್ರಮದಲ್ಲಿ ಹೇಳಬೇಕು, ಯಾವುದನ್ನು ಯಾವುದರಿಂದ ಬೇರ್ಪಡಿಸಿ ಇಡಬೇಕು ಎಂಬ ಪ್ರಶ್ನೆಗಳಿಗೆ ಮೊದಲ ಬಾರಿಗೆ ಅಚ್ಚಿನಲ್ಲಿ ಉತ್ತರ ಹುಡುಕಬೇಕಾಯಿತು. ಆ ಉತ್ತರಗಳು ಪೂರ್ಣವಾಗಿರಲಿಲ್ಲ. ಕೆಲವೆಡೆ ಅವು ಒಂದಕ್ಕೊಂದು ಎದುರಾಗಿಯೂ ಇದ್ದವು. ಆದರೂ ಕನ್ನಡದ ವರದಿ, ಪ್ರಕಟಣೆ, ನೀತಿಬರಹ, ವಾಚಕರ ಪತ್ರ ಮೊದಲಾದ ಪ್ರಕಾರಗಳ ಬೆಳವಣಿಗೆಯನ್ನು ಅರಿಯಬೇಕಾದರೆ ಅವರ ಜೀವನದ ಆ ಕೆಲವು ತಿಂಗಳುಗಳನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವಿಲ್ಲ.

ಮೋಗ್ಲಿಂಗ್ ಅವರು ಹುಟ್ಟಿದ್ದು ೧೮೧೧ರ ಮೇ ೨೯ರಂದು, ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಆ ಸೀಮೆಯ ಜನಜೀವನದಲ್ಲಿ ಪಯಟಿಸಂ ಎಂಬ ಭಕ್ತಿಪಂಥದ ಪ್ರಭಾವ ಗಾಢವಾಗಿದ್ದಿತು. ಆಡಂಬರವಿಲ್ಲದ ಬದುಕು, ಸ್ವಂತ ಓದಿನಿಂದ ಧರ್ಮಗ್ರಂಥವನ್ನು ತಿಳಿಯುವುದು, ದುಡಿಮೆಯನ್ನು ದೈವಸೇವೆಯೆಂದು ಭಾವಿಸುವುದು ಆ ಪಂಥದ ಲಕ್ಷಣಗಳು. ಪ್ರತಿಯೊಬ್ಬನೂ ತನ್ನ ಭಾಷೆಯಲ್ಲಿಯೇ ಓದಬೇಕೆಂಬ ನಿಲುವು ಮುಂದೆ ಬಾಸೆಲ್ ಮಿಶನ್ನಿನವರನ್ನು ದೇಶಭಾಷೆಗಳ ಕಡೆಗೆ ತಿರುಗಿಸಿದ ಮುಖ್ಯ ಕಾರಣಗಳಲ್ಲಿ ಒಂದು. ಮೋಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಅಭ್ಯಾಸ ಮಾಡಿದರು. ಗ್ರೀಕ್, ಲ್ಯಾಟಿನ್, ಹೀಬ್ರೂ ಭಾಷೆಗಳ ಪಾಠಗಳನ್ನು ತುಲನೆ ಮಾಡಿ ಓದುವ ಶಿಸ್ತು ಅಲ್ಲಿ ಅವರಿಗೆ ಲಭಿಸಿತು. ಮಲಯಾಳಂ ಭಾಷೆಯ ನಿಘಂಟುಕಾರರೆಂದು ಮುಂದೆ ಪ್ರಸಿದ್ಧರಾದ ಹೆರ್ಮನ್ ಗುಂಡರ್ಟ್ ಅವರು ಟ್ಯೂಬಿಂಗನ್ನಿನ ಆ ದಿನಗಳ ಸ್ನೇಹಿತರು. ಸ್ವದೇಶದಲ್ಲಿಯೇ ಚರ್ಚಿನ ಸ್ಥಿರವಾದ ಉದ್ಯೋಗ ದೊರೆಯಬಹುದಾಗಿದ್ದರೂ ಮೋಗ್ಲಿಂಗ್ ಬಾಸೆಲ್ ಮಿಶನ್ನನ್ನು ಸೇರಿ ೧೮೩೬ರಲ್ಲಿ ಭಾರತಕ್ಕೆ ಬಂದರು.

೧೮೧೫ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮೊದಲ ಪ್ರತಿನಿಧಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ೧೮೩೪ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಕಾಲಿಟ್ಟಿದ್ದರು. ಮಂಗಳೂರು ಆಗ ಮದರಾಸು ಪ್ರೆಸಿಡೆನ್ಸಿಗೆ ಸೇರಿದ ಅವಿಭಕ್ತ ಕೆನರಾ ಜಿಲ್ಲೆಯ ಕೇಂದ್ರಸ್ಥಾನ. ಜಿಲ್ಲೆ ತೆಂಕಣದಲ್ಲಿ ಕಾಸರಗೋಡು ಸೀಮೆಯಿಂದ ಬಡಗಣದಲ್ಲಿ ಕಾರವಾರದವರೆಗೂ, ಘಟ್ಟದ ಮೇಲೆ ಶಿರಸಿಯವರೆಗೂ ಹಬ್ಬಿತ್ತು. ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳಂ ಭಾಷೆಗಳು ನಿತ್ಯದ ಮಾತಾಗಿದ್ದರೂ ಲೆಕ್ಕಪತ್ರ, ಅರ್ಜಿ, ಶಾನುಭೋಗರ ಕಡತ, ಯಕ್ಷಗಾನ ಪ್ರಸಂಗ, ಪುರಾಣವಾಚನಗಳ ಭಾಷೆ ಕನ್ನಡ. ಹಲವು ಮನೆಮಾತುಗಳ ಜನ ಒಂದೇ ಬರಹದ ಭಾಷೆಯನ್ನು ಒಪ್ಪಿಕೊಂಡಿದ್ದ ಈ ಸ್ಥಿತಿಯೇ ಅಲ್ಲೊಂದು ಕನ್ನಡ ಪತ್ರಿಕೆ ಹುಟ್ಟಲು ಅನುಕೂಲವಾದ ಭೂಮಿಕೆಯಾಯಿತು. ಮೊದಲ ಪತ್ರಿಕೆ ಅರಮನೆಯಿದ್ದ ಮೈಸೂರಿನಲ್ಲಾಗಲಿ ಕನ್ನಡವೇ ಮನೆಮಾತಾಗಿದ್ದ ಬಯಲುಸೀಮೆಯಲ್ಲಾಗಲಿ ಹುಟ್ಟದೆ ಕರಾವಳಿಯ ಬಹುಭಾಷಾ ಬಂದರಿನಲ್ಲಿ ಹುಟ್ಟಿದ್ದಕ್ಕೆ ಇದು ಬಹುಮಟ್ಟಿಗೆ ಸಮಾಧಾನ ಹೇಳುತ್ತದೆ.

ಮೋಗ್ಲಿಂಗ್ ಬಂದ ಕೆಲವೇ ತಿಂಗಳುಗಳಲ್ಲಿ, ೧೮೩೭ರ ಏಪ್ರಿಲಿನಲ್ಲಿ, ಕೊಡಗು ಮತ್ತು ಕೆನರಾ ಪ್ರದೇಶಗಳ ಬಂಡಾಯ ಮಂಗಳೂರನ್ನು ತಲುಪಿತು. ಕಲ್ಯಾಣಪ್ಪನ ಕಾಟಕಾಯಿ ಎಂದು ಜನ ನೆನಪಿಟ್ಟುಕೊಂಡ ಆ ದಂಗೆಯಲ್ಲಿ ಊರು ಕೆಲವು ದಿನ ಬಂಡಾಯಗಾರರ ವಶದಲ್ಲಿದ್ದಿತು. ಯಾವ ಸೈನ್ಯ ಎಲ್ಲಿದೆ, ಯಾರು ಗೆದ್ದರು, ಯಾರು ಸತ್ತರು ಎಂಬುದನ್ನು ಖಚಿತವಾಗಿ ತಿಳಿಸುವ ಸಾಧನ ಆಗ ಊರಿನಲ್ಲಿ ಇರಲಿಲ್ಲ. ಬಾಯಿಂದ ಬಾಯಿಗೆ ಹಬ್ಬುವ ಗಾಳಿಮಾತೇ ಜನರಿಗೆ ಗತಿ. ಆರು ವರ್ಷಗಳ ಅನಂತರ ಹೊರಟ ಪತ್ರಿಕೆ ತನ್ನ ಉದ್ದೇಶವನ್ನು ಹೇಳುವಾಗ ಗಾಳಿಮಾತನ್ನೇ ತನ್ನ ಎದುರಾಳಿಯೆಂದು ಗುರುತಿಸಿದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತದೆ.

ಕನ್ನಡವನ್ನು ಕಲಿಯಲು ಮೋಗ್ಲಿಂಗ್ ಧಾರವಾಡ-ಹುಬ್ಬಳ್ಳಿ ಸೀಮೆಯಲ್ಲಿ ಕೆಲಕಾಲ ಇದ್ದರು. ಕರಾವಳಿಯ ಗ್ರಂಥಸ್ಥ ಕನ್ನಡದ ಜೊತೆಗೆ ಬಯಲುಸೀಮೆಯ ಆಡುನುಡಿಯ ಪರಿಚಯವೂ ಅವರಿಗಾಯಿತು. ವೀರಶೈವ ಪುರಾಣಗಳು, ದಾಸರ ಹಾಡುಗಳು, ಗಾದೆಗಳು ಅವರ ಗಮನವನ್ನು ಸೆಳೆದವು. ಮಂಗಳೂರಿಗೆ ಹಿಂದಿರುಗಿದ ಮೇಲೆ ಶಾಲೆಯ ಕೆಲಸ ಅವರ ಪಾಲಿಗೆ ಬಂದಿತು. ೧೮೪೦ರಲ್ಲಿ ಸ್ಥಳೀಯ ಬೋಧಕರನ್ನು ತಯಾರು ಮಾಡುವ ಪಾಠಶಾಲೆಯನ್ನು ಅವರು ಆರಂಭಿಸಿದರು. ಅವರಿಗೆ ಬಂಧುವೂ ಸಹೋದ್ಯೋಗಿಯೂ ಆಗಿದ್ದ ಗೊಟ್‌ಫ್ರೀಡ್ ವೈಗ್ಲೆ ಈ ಕೆಲಸದಲ್ಲಿಯೂ ಬೈಬಲಿನ ಕನ್ನಡ ಅನುವಾದದ ಕೆಲಸದಲ್ಲಿಯೂ ಜೊತೆಗಿದ್ದರು. ಕನ್ನಡದಲ್ಲಿ ಹುಡುಗರಿಗೆ ಓದಿಸಲು ಗದ್ಯಪುಸ್ತಕಗಳು ಬೇಕಾಗಿದ್ದವು. ಆದರೆ ದೊರೆಯುತ್ತಿದ್ದ ಸಾಹಿತ್ಯದಲ್ಲಿ ಬಹುಪಾಲು ಓಲೆಗರಿಗಳಲ್ಲಿದ್ದ ಪದ್ಯ. ಮಂಗಳೂರಿನಲ್ಲಿ ಮುದ್ರಣಾಲಯ ಬಂದದ್ದು ಈ ಅಗತ್ಯದಿಂದ.

೧೮೪೧ರಲ್ಲಿ ಸ್ಥಾಪಿತವಾದ ಆ ಮುದ್ರಣಾಲಯ ಕಲ್ಲಚ್ಚಿನದು. ಬವೇರಿಯದ ಸೆನೆಫೆಲ್ಡರ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಈ ವಿಧಾನದಲ್ಲಿ ಅಚ್ಚುಮೊಳೆಗಳು ಬೇಕಾಗುವುದಿಲ್ಲ. ಜಿಡ್ಡಿನ ಮಸಿಯಿಂದ ಬರೆದ ಬರಹವನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ ಮಸಿ ಸವರಿದರೆ, ಜಿಡ್ಡಿರುವ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಒತ್ತಕ್ಷರ, ಗುಣಿತಾಕ್ಷರಗಳಿಂದ ತುಂಬಿದ ಕನ್ನಡ ಲಿಪಿಗೆ ಇದು ಸುಲಭವಾದ ದಾರಿ. ನೂರಾರು ಬಗೆಯ ಮೊಳೆಗಳನ್ನು ಎರಕ ಹೊಯ್ಯುವ ಕಷ್ಟವಿಲ್ಲ. ಆದರೆ ಇದಕ್ಕೆ ಮಿತಿಯೂ ಉಂಟು. ಪ್ರತಿಯೊಂದು ಪುಟವನ್ನೂ ಲಿಪಿಕಾರನೊಬ್ಬ ಕೈಯಿಂದ ಬರೆಯಬೇಕು. ಬರೆದ ಮೇಲೆ ಸಾಲೊಂದನ್ನು ತೆಗೆದು ಇನ್ನೊಂದನ್ನು ಸೇರಿಸುವುದು ಕಷ್ಟ. ಹೀಗಾಗಿ ಕೊನೆಯ ಗಳಿಗೆಯಲ್ಲಿ ಬಂದ ಸುದ್ದಿಗೆ ಸ್ಥಳ ಮಾಡಿಕೊಡುವ ಅವಕಾಶ ಅಂತಹ ಪತ್ರಿಕೆಗೆ ಕಡಮೆ. ಸಂಪಾದಕ ಪುಟದ ಅಳತೆಯನ್ನು ಮೊದಲೇ ಲೆಕ್ಕ ಹಾಕಿ ವಿಷಯಗಳನ್ನು ವಿಭಾಗಿಸಿಕೊಳ್ಳಬೇಕಾಗುತ್ತದೆ. ಪತ್ರಿಕೆಯ ಅಂಕಣ ವಿಂಗಡಣೆಯ ಹಿಂದೆ ಈ ತಾಂತ್ರಿಕ ಕಾರಣವೂ ಇದ್ದಿರಬೇಕು.

ಭಾರತದಲ್ಲಿ ಪತ್ರಿಕೆಗಳು ಆಗ ಹೊಸತೇನೂ ಆಗಿರಲಿಲ್ಲ. ೧೭೮೦ರಲ್ಲಿ ಕಲ್ಕತ್ತೆಯಲ್ಲಿ ಹಿಕಿಯ ಇಂಗ್ಲಿಷ್ ಪತ್ರಿಕೆ, ೧೮೧೮ರಲ್ಲಿ ಸೆರಾಂಪುರದ ಬಂಗಾಳಿ ‘ಸಮಾಚಾರ ದರ್ಪಣ’, ೧೮೨೨ರ ಜುಲೈ ೧ರಂದು ಗುಜರಾತಿಯ ‘ಮುಂಬಯಿ ಸಮಾಚಾರ’, ೧೮೩೨ರಲ್ಲಿ ಬಾಳಶಾಸ್ತ್ರಿ ಜಾಂಭೇಕರರ ‘ದರ್ಪಣ’ ಬಂದಿದ್ದವು. ಮೆಟ್ಕಾಫನ ಆಡಳಿತದಲ್ಲಿ ೧೮೩೫ರ ಕಾಯಿದೆ ಪರವಾನಗಿಯ ನಿರ್ಬಂಧವನ್ನು ತೆಗೆದುಹಾಕಿ, ಮುದ್ರಕ ಮತ್ತು ಪ್ರಕಾಶಕರು ತಮ್ಮ ಹೆಸರು, ಸ್ಥಳಗಳನ್ನು ಘೋಷಿಸಿದರೆ ಸಾಕೆಂದು ವಿಧಿಸಿದ್ದಿತು. ಹೀಗೆ ಕಾನೂನಿನ ಬಾಗಿಲು ತೆರೆದಿತ್ತು, ಯಂತ್ರ ಕೈಯಲ್ಲಿತ್ತು, ಮಾದರಿಗಳು ಕಣ್ಣೆದುರಿಗಿದ್ದವು. ಕನ್ನಡದಲ್ಲಿ ಇರದೆ ಇದ್ದದ್ದು ವರ್ತಮಾನವನ್ನು ಬರೆಯುವ ರೂಢಿ. ಶಾಸನ, ನಿರೂಪ, ಬಖೈರು, ಕಾಗದ ಪತ್ರಗಳ ಗದ್ಯ ಇದ್ದಿತು. ಆದರೆ ತನಗೆ ಪರಿಚಯವಿಲ್ಲದ ಓದುಗನಿಗೆ, ಅವನು ಕೇಳದಿದ್ದ ಸಂಗತಿಯನ್ನು, ನಿಯತಕಾಲಕ್ಕೆ ತಿಳಿಸುವ ಬರಹ ಇರಲಿಲ್ಲ.

ಮಂಗಳೂರ ಸಮಾಚಾರ ಹದಿನೈದು ದಿನಗಳಿಗೊಮ್ಮೆ ಹೊರಡುತ್ತಿದ್ದ ನಾಲ್ಕು ಪುಟಗಳ ಪತ್ರಿಕೆ. ಊರಿನ ಜನ ಹೊತ್ತು ಕಳೆಯಲು ಆಡಿಕೊಳ್ಳುವ ಮಾತುಗಳಲ್ಲಿ ಸತ್ಯವೆಷ್ಟು ಸುಳ್ಳೆಷ್ಟು ಎಂಬುದು ಯಾರಿಗೂ ತಿಳಿಯದಿರುವುದರಿಂದ, ವರ್ತಮಾನಗಳನ್ನು ಸಂಗ್ರಹಿಸಿ ಅಚ್ಚು ಹಾಕಿ ಕೊಡುವುದು ಒಳಿತೆಂಬ ಆಶಯವನ್ನು ಅದು ಆರಂಭದಲ್ಲಿಯೇ ಪ್ರಕಟಿಸಿತು. ಈ ಆಶಯದಲ್ಲಿ ಎರಡು ತತ್ತ್ವಗಳು ಅಡಗಿವೆ. ಕೇಳಿದ್ದೆಲ್ಲವೂ ಸುದ್ದಿಯಾಗುವುದಿಲ್ಲ, ಪರೀಕ್ಷಿಸಿ ಉಳಿದದ್ದು ಮಾತ್ರ ಸುದ್ದಿ ಎಂಬುದು ಮೊದಲನೆಯದು. ಸುದ್ದಿ ತಿಳಿಯುವುದು ಅಧಿಕಾರಿಗಳ ಅಥವಾ ಸಾಹುಕಾರರ ವಿಶೇಷ ಹಕ್ಕಲ್ಲ, ಓದಬಲ್ಲ ಎಲ್ಲರ ಅಗತ್ಯ ಎಂಬುದು ಎರಡನೆಯದು. ವರದಿಗಾರಿಕೆಯ ಪಾಠಗಳಲ್ಲಿ ಮುಂದೆ ಎಷ್ಟೋ ವಿಸ್ತಾರವಾಗಿ ಚರ್ಚಿತವಾದ ಈ ತತ್ತ್ವಗಳು ಕನ್ನಡದ ಮೊದಲ ಪತ್ರಿಕೆಯಲ್ಲಿಯೇ ಬೀಜರೂಪದಲ್ಲಿ ಇದ್ದವು.

ಪತ್ರಿಕೆಯ ವಿಷಯ ವಿಂಗಡಣೆ ಇನ್ನೂ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. ಊರ ವರ್ತಮಾನ, ಸರಕಾರದ ನಿರೂಪಗಳು ಮತ್ತು ಕಾನೂನುಗಳು, ಸರ್ವರಾಜ್ಯಗಳ ವರ್ತಮಾನ, ಸುಬುದ್ಧಿಯ ಮಾತುಗಳು, ಕಥೆಗಳು, ಹಾಡುಗಳು ಎಂದು ಮೋಗ್ಲಿಂಗ್ ವಿಷಯಗಳನ್ನು ಬೇರೆ ಬೇರೆಯಾಗಿ ಇರಿಸಿದರು. ಹೆಸರುಗಳನ್ನು ಬದಲಾಯಿಸಿದರೆ ಇಪ್ಪತ್ತನೆಯ ಶತಮಾನದ ಯಾವುದೇ ಕನ್ನಡ ದಿನಪತ್ರಿಕೆಯ ನಕ್ಷೆ ಇದು. ಊರ ವರ್ತಮಾನದ ಜಾಗದಲ್ಲಿ ಸ್ಥಳೀಯ ಸುದ್ದಿ, ನಿರೂಪಗಳ ಜಾಗದಲ್ಲಿ ಸರ್ಕಾರಿ ಪ್ರಕಟಣೆ, ಸರ್ವರಾಜ್ಯಗಳ ಜಾಗದಲ್ಲಿ ದೇಶ-ವಿದೇಶ, ಸುಬುದ್ಧಿಯ ಜಾಗದಲ್ಲಿ ನುಡಿಮುತ್ತು ಮತ್ತು ಸಂಪಾದಕೀಯ, ಕಥೆ ಹಾಡುಗಳ ಜಾಗದಲ್ಲಿ ಸಾಪ್ತಾಹಿಕ ಪುರವಣಿ ಬಂದಿವೆ. ಒಂದೊಂದು ವಿಭಾಗಕ್ಕೂ ಅದರದೇ ಆದ ಅಧಿಕಾರದ ಮೂಲವಿದೆ. ಊರ ಸುದ್ದಿಯನ್ನು ಓದುಗನೇ ಹೋಗಿ ಪರೀಕ್ಷಿಸಬಹುದು. ನಿರೂಪದ ಸತ್ಯಕ್ಕೆ ಸರಕಾರದ ಮೊಹರು ಹೊಣೆ. ದೂರದೇಶದ ಸುದ್ದಿಗೆ ಅದನ್ನು ತಂದ ಟಪಾಲು ಮತ್ತು ಮೊದಲು ಅಚ್ಚು ಹಾಕಿದ ಪತ್ರಿಕೆ ಆಧಾರ. ಸುಬುದ್ಧಿಯ ಮಾತಿಗೆ ಆಧಾರ ಬೇಕಿಲ್ಲ. ಅದು ಓದುಗನ ವಿವೇಕವನ್ನು ಕೇಳುತ್ತದೆ. ಇವನ್ನು ಒಂದೇ ಪ್ರವಾಹದಲ್ಲಿ ಬೆರೆಸದೆ ಬೇರೆ ಬೇರೆ ಪಾತ್ರೆಗಳಲ್ಲಿ ಇಟ್ಟದ್ದರಿಂದ, ಯಾವುದನ್ನು ಯಾವ ಬಗೆಯಲ್ಲಿ ನಂಬಬೇಕೆಂಬ ತಿಳಿವಳಿಕೆ ಓದುಗನಿಗೆ ತಾನಾಗಿಯೇ ಬರುವಂತಾಯಿತು.

ವರದಿಯ ಒಳರಚನೆಯ ವಿಚಾರ ಸ್ವಲ್ಪ ಬೇರೆ. ಮುಖ್ಯಾಂಶವನ್ನು ಮೊದಲ ವಾಕ್ಯದಲ್ಲಿ ಹೇಳಿ, ವಿವರಗಳನ್ನು ಪ್ರಾಮುಖ್ಯದ ಇಳಿಕೆಯ ಕ್ರಮದಲ್ಲಿ ಜೋಡಿಸುವ ತಲೆಕೆಳಗಾದ ಪಿರಮಿಡ್ಡಿನ ವಿನ್ಯಾಸ ಆಗಿನ್ನೂ ಜಗತ್ತಿನಲ್ಲಿಯೇ ರೂಢಿಯಾಗಿರಲಿಲ್ಲ. ತಂತಿ ವ್ಯವಸ್ಥೆಯ ವೆಚ್ಚ, ಸುದ್ದಿಸಂಸ್ಥೆಗಳ ಸ್ಪರ್ಧೆ, ಪುಟ ಕಟ್ಟುವಾಗ ಕೊನೆಯಿಂದ ಕತ್ತರಿಸುವ ಅನುಕೂಲ ಇವುಗಳಿಂದ ಅದು ಬೆಳೆಯಿತು. ಅಮೆರಿಕದ ೧೮೬೧-೬೫ರ ಅಂತರ್ಯುದ್ಧದ ವರದಿಗಳಲ್ಲಿ ಅದರ ಮೊಳಕೆಯನ್ನು ಗುರುತಿಸುವವರಿದ್ದಾರೆ. ಆ ಶತಮಾನದ ಕೊನೆಯ ದಶಕಗಳಲ್ಲಿ ಅದು ನೆಲೆಗೊಂಡಿತೆಂದು ಹೇಳುವವರೂ ಇದ್ದಾರೆ. ಭಾರತದಲ್ಲಿ ತಂತಿ ಸಾರ್ವಜನಿಕರಿಗೆ ದೊರೆತದ್ದೇ ೧೮೫೫ರಲ್ಲಿ. ೧೮೪೩ರ ಮಂಗಳೂರಿನಲ್ಲಿ ಇಂಗ್ಲೆಂಡಿನ ಸುದ್ದಿ ಸುಯೆಜ್ ಮಾರ್ಗವಾಗಿ ಹಡಗಿನಲ್ಲಿ ಬಂದು ತಲುಪಲು ತಿಂಗಳಿಗೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಒಳನಾಡಿನ ಸುದ್ದಿ ಟಪಾಲಿನವನ ಕಾಲ್ನಡಿಗೆಯನ್ನು ಅವಲಂಬಿಸಿತ್ತು. ಅಂತಹ ಕಾಲದ ವರದಿ ಘಟನೆಯ ಆದಿಯಿಂದ ತೊಡಗಿ ಅಂತ್ಯದವರೆಗೆ ಕಾಲಾನುಕ್ರಮದಲ್ಲಿ ಸಾಗುವುದು ಸಹಜ. ಸಮಾಚಾರವನ್ನು ಒಬ್ಬನು ಓದಿ ಹತ್ತು ಮಂದಿ ಕೇಳುವ ಸಮಾಜಕ್ಕೆ ಈ ನಿರೂಪಣೆ ಪುರಾಣವಾಚನದ ಅಭ್ಯಾಸದಿಂದ ಪರಿಚಿತವೂ ಆಗಿತ್ತು. ಕಥನದ ಕ್ರಮವನ್ನು ಉಳಿಸಿಕೊಂಡು ಅದರೊಳಗೆ ದಿನ, ಸ್ಥಳ, ವ್ಯಕ್ತಿಗಳ ನಿಖರತೆಯನ್ನು ತುಂಬಿದರೆ ವರದಿ ಹುಟ್ಟುತ್ತದೆ. ಒಂದಾನೊಂದು ಕಾಲದಲ್ಲಿ ಎಂದು ತೊಡಗುತ್ತಿದ್ದ ಗದ್ಯ, ಇಂಥ ತಿಂಗಳ ಇಂಥ ತಾರೀಖಿನಲ್ಲಿ ಎಂದು ತೊಡಗಿದ್ದು ಸಣ್ಣ ಬದಲಾವಣೆಯೆಂದು ಭಾವಿಸಬಾರದು.

ಭಾಷೆಯ ದೃಷ್ಟಿಯಿಂದಲೂ ಈ ಬದಲಾವಣೆಯ ಪರಿಣಾಮ ದೊಡ್ಡದು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದ ಬರಹದಲ್ಲಿ ಪದಗಳ ನಡುವೆ ಬಿಡುವಿಲ್ಲ, ವಿರಾಮಚಿಹ್ನೆಗಳು ವಿರಳ. ಊರು ಎಂಬುದನ್ನು ವೂರು ಎಂದು, ಒಂದು ಎಂಬುದನ್ನು ವೊಂದು ಎಂದು ಉಚ್ಚಾರಣೆಯಂತೆ ಬರೆಯುವ ವಾಡಿಕೆ. ಕಚೇರಿಯ ಕನ್ನಡದಲ್ಲಿ ಪಾರಸಿ ಮತ್ತು ಮರಾಠಿ ಪದಗಳು ಧಾರಾಳವಾಗಿದ್ದವು. ಪಂಡಿತರ ಕನ್ನಡದಲ್ಲಿ ಸಂಸ್ಕೃತ ಸಮಾಸಗಳು. ಪತ್ರಿಕೆಯ ಓದುಗನಿಗೆ ಇವೆರಡೂ ಪೂರ್ತಿಯಾಗಿ ಒದಗುವಂತಿರಲಿಲ್ಲ. ಕಚೇರಿಯಿಂದ ನಿಖರವಾದ ಪದವನ್ನೂ ಪೇಟೆಯ ಮಾತಿನಿಂದ ವಾಕ್ಯದ ಓಟವನ್ನೂ ತೆಗೆದುಕೊಂಡು ನಡುವಿನ ಒಂದು ಗದ್ಯವನ್ನು ಕಟ್ಟಿಕೊಳ್ಳಬೇಕಾಗಿತ್ತು. ಮೋಗ್ಲಿಂಗ್ ಅವರ ಗದ್ಯದಲ್ಲಿ ವಿದೇಶೀಯನ ತೊಡಕುಗಳು ಅಲ್ಲಲ್ಲಿ ಉಂಟು. ಆದರೂ ಸಂಗತಿಯನ್ನು ಮುಂದಿಟ್ಟು ಅಲಂಕಾರವನ್ನು ಹಿಂದಕ್ಕೆ ಸರಿಸುವ ಗುಣ ಅದಕ್ಕಿತ್ತು. ಹೊಸಗನ್ನಡ ಗದ್ಯದ ಉಗಮವನ್ನು ಕಥೆ ಕಾದಂಬರಿಗಳಲ್ಲಿ ಮಾತ್ರ ಹುಡುಕುವ ಅಭ್ಯಾಸವನ್ನು ತಿದ್ದಿಕೊಳ್ಳಲು ಈ ಪತ್ರಿಕಾಗದ್ಯದ ಅಭ್ಯಾಸ ನೆರವಾಗುತ್ತದೆ.

ಮೋಗ್ಲಿಂಗ್ ಅವರ ಪತ್ರಿಕಾಕಾರ್ಯದ ಆಳದಲ್ಲಿ ಒಂದು ತೊಡಕು ಇದ್ದೇ ಇತ್ತು. ಗಾಳಿಮಾತನ್ನು ಪರೀಕ್ಷಿಸಿ ಸತ್ಯವನ್ನು ಕೊಡುತ್ತೇನೆಂದು ಹೊರಟವರು ಸ್ವತಃ ಮತಾಂತರವನ್ನು ಗುರಿಯಾಗಿಟ್ಟುಕೊಂಡ ಸಂಸ್ಥೆಯ ಸೇವಕರು. ಸುದ್ದಿಯ ಪಕ್ಕದಲ್ಲಿ ಬೋಧೆ ಇದ್ದಿತು. ಅನ್ಯಮತಗಳ ಆಚಾರಗಳನ್ನು ಕುರಿತು ಅವರ ದೃಷ್ಟಿ ತಟಸ್ಥವಾಗಿರಲಿಲ್ಲ. ಸಮಾಚಾರದ ಸತ್ಯ ಬೇರೆ, ತಾನು ನಂಬಿದ ಪರಮಸತ್ಯ ಬೇರೆ ಎಂದು ಅವರು ವಿಂಗಡಿಸಿದ್ದು ವಿಭಾಗಗಳ ಮೂಲಕ. ಆದರೆ ಸಂಪಾದಕನೇ ಘಟನೆಯ ಪಾತ್ರಧಾರಿಯಾದಾಗ ಆ ವಿಂಗಡಣೆ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬ ಪರೀಕ್ಷೆ ಬಹುಬೇಗ ಎದುರಾಯಿತು.

ಪತ್ರಿಕೆ ಆರಂಭವಾಗಿ ಆರು ತಿಂಗಳಾದಾಗ, ೧೮೪೪ರ ಜನವರಿ ೬ರಂದು, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿಣ್ಯರು ಕ್ರೈಸ್ತದೀಕ್ಷೆ ಪಡೆದರು. ದೀಕ್ಷೆಯ ನಂತರ ಅವರು ಗುರುವಿನ ಹೆಸರನ್ನು ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿಣ್ಯರಾದರು. ಊರಿನಲ್ಲಿ ದೊಡ್ಡ ಗಲಭೆಯಾಯಿತು. ಮಿಶನ್ನಿನ ನೆಲೆಗೆ ಕಾವಲು ಹಾಕಬೇಕಾಯಿತು. ಕುಟುಂಬಗಳಲ್ಲಿ ಬಿರುಕುಂಟಾಯಿತು, ಶಾಲೆಗೆ ಮಕ್ಕಳನ್ನು ಕಳುಹಿಸುವುದರ ಬಗೆಗೆ ಅಂಜಿಕೆ ಹುಟ್ಟಿತು. ಊರ ವರ್ತಮಾನದ ದೃಷ್ಟಿಯಿಂದ ಇದು ಆ ವರ್ಷಗಳ ಅತಿದೊಡ್ಡ ಸುದ್ದಿ. ಅದನ್ನು ಬರೆಯಬೇಕಾದ ಸಂಪಾದಕರು ಆ ಘಟನೆಗೆ ಕಾರಣರಾದವರೇ. ಅವರು ಏನು ಬರೆದರೂ ಒಂದು ಪಕ್ಷದ ಹೇಳಿಕೆಯಾಗುತ್ತಿತ್ತು. ಏನನ್ನೂ ಬರೆಯದಿದ್ದರೆ ಊರಿನ ಸುದ್ದಿಯನ್ನು ತಿಳಿಸುವ ಪತ್ರಿಕೆ ಊರಿನ ದೊಡ್ಡ ಸುದ್ದಿಯನ್ನೇ ಮುಚ್ಚಿಟ್ಟಂತಾಗುತ್ತಿತ್ತು. ಪತ್ರಿಕೆಯ ಒಡೆತನ ಮತ್ತು ಸುದ್ದಿಯ ಸ್ವಾತಂತ್ರ್ಯ ಇವುಗಳ ನಡುವಣ ಘರ್ಷಣೆ ಕನ್ನಡದಲ್ಲಿ ವ್ಯಾಪಾರಿ ಮಾಲೀಕರ ಕಾಲದಲ್ಲಿ ಹುಟ್ಟಿದ್ದೆಂಬ ಭಾವನೆ ಇದೆ. ಅದು ಮೊದಲ ಪತ್ರಿಕೆಯ ಮೊದಲ ವರ್ಷದಲ್ಲಿಯೇ ತಲೆದೋರಿದ್ದುದನ್ನು ಇಲ್ಲಿ ಕಾಣಬಹುದು.

೧೮೪೪ರಲ್ಲಿಯೇ ಪತ್ರಿಕೆಯ ಸ್ವರೂಪದಲ್ಲಿ ಮಾರ್ಪಾಟಾಯಿತು. ಅದರ ಪ್ರತಿಗಳು ಕರಾವಳಿಯನ್ನು ದಾಟಿ ಘಟ್ಟದ ಮೇಲಿನ ಊರುಗಳ ಓದುಗರನ್ನು ತಲುಪತೊಡಗಿದ್ದರಿಂದ ಮಂಗಳೂರಿನ ಹೆಸರು ಇಕ್ಕಟ್ಟಾಯಿತು. ಕಲ್ಲಚ್ಚಿಗಿಂತ ಮೊಳೆಯಚ್ಚು ಓದಲು ಸುಲಭ, ಹೆಚ್ಚು ಪ್ರತಿಗಳಿಗೆ ಅನುಕೂಲ. ಕನ್ನಡದ ಅಚ್ಚುಮೊಳೆಗಳಿದ್ದ ಮುದ್ರಣಾಲಯ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರ ಕೈಯಲ್ಲಿತ್ತು. ಹೀಗೆ ಪತ್ರಿಕೆ ‘ಕನ್ನಡ ಸಮಾಚಾರ’ ಎಂಬ ಹೊಸ ಹೆಸರಿನಿಂದ ಬಳ್ಳಾರಿಯಲ್ಲಿ ಅಚ್ಚಾಗತೊಡಗಿತು. ಮದರಾಸು, ಮುಂಬಯಿ, ಮೈಸೂರು, ಹೈದರಾಬಾದುಗಳಲ್ಲಿ ಹಂಚಿಹೋಗಿದ್ದ ಜನರನ್ನು ಭಾಷೆಯೊಂದರ ಹೆಸರಿನಿಂದ ಒಂದೇ ಓದುಗವರ್ಗವೆಂದು ಕಂಡದ್ದು ಈ ಹೆಸರಿನ ಬದಲಾವಣೆಯಲ್ಲಿ ವ್ಯಕ್ತವಾಗುತ್ತದೆ. ಏಕೀಕರಣದ ಆಲೋಚನೆಗೆ ಇದನ್ನು ಪೂರ್ವಪೀಠಿಕೆಯೆಂದು ಹೇಳುವುದು ಅತಿಯಾದೀತು. ಆದರೆ ಅಚ್ಚಿನ ಮಾಧ್ಯಮ ರಾಜಕೀಯ ಗಡಿಗಳಿಗಿಂತ ವಿಶಾಲವಾದ ಕನ್ನಡ ಪ್ರದೇಶವೊಂದನ್ನು ಅನಿವಾರ್ಯವಾಗಿ ಕಲ್ಪಿಸಿಕೊಳ್ಳುತ್ತದೆಂಬುದಕ್ಕೆ ಇದು ಮೊದಲ ಸಾಕ್ಷಿ.

ಈ ಪತ್ರಿಕೆಗೆ ದೀರ್ಘಾಯುಷ್ಯ ಇರಲಿಲ್ಲ. ಸಂಪಾದಕರು ಮಂಗಳೂರಿನಲ್ಲಿ, ಮುದ್ರಣ ನೂರಾರು ಮೈಲಿ ದೂರದ ಬಳ್ಳಾರಿಯಲ್ಲಿ. ನಡುವೆ ಘಟ್ಟ, ಮಳೆಗಾಲ ಮತ್ತು ನಿಧಾನದ ಟಪಾಲು. ಬರೆಯುವ ಕೈ ಒಂದೇ. ಆ ಕೈಗೆ ಪಾಠಶಾಲೆ, ಅನುವಾದ, ಸಭೆಯ ಕೆಲಸಗಳೂ ಇದ್ದವು. ಪತ್ರಿಕೆ ನಿಂತುಹೋಯಿತು. ಆದರೆ ಮಾದರಿ ನಿಲ್ಲಲಿಲ್ಲ. ೧೮೪೭ರಲ್ಲಿ ಗುಂಡರ್ಟ್ ಅವರು ತಲಶ್ಶೇರಿಯ ಸಮೀಪದ ಇಲ್ಲಿಕುನ್ನಿನಿಂದ ‘ರಾಜ್ಯಸಮಾಚಾರಂ’ ಮತ್ತು ‘ಪಶ್ಚಿಮೋದಯಂ’ ಎಂಬ ಮಲಯಾಳಂ ಪತ್ರಿಕೆಗಳನ್ನು ಹೊರಡಿಸಿದರು. ಗುಂಡರ್ಟ್ ಮತಬೋಧೆಗೆ ಒಂದು ಪತ್ರಿಕೆಯನ್ನೂ ಭೂಗೋಳ, ಚರಿತ್ರೆ, ಪ್ರಕೃತಿವಿಜ್ಞಾನ ಮೊದಲಾದ ಲೌಕಿಕ ವಿಷಯಗಳಿಗೆ ಇನ್ನೊಂದನ್ನೂ ಮೀಸಲಿಟ್ಟರು. ಮೋಗ್ಲಿಂಗ್ ಒಂದೇ ಪತ್ರಿಕೆಯ ಅಂಕಣಗಳಲ್ಲಿ ಮಾಡಲೆತ್ನಿಸಿದ್ದ ವಿಂಗಡಣೆ ಅವರ ಮಿತ್ರರ ಕೈಯಲ್ಲಿ ಎರಡು ಪತ್ರಿಕೆಗಳ ರೂಪ ಪಡೆದಂತಾಯಿತು.

೧೮೪೬ರಲ್ಲಿ ಮೋಗ್ಲಿಂಗ್ ಕೌಂಡಿಣ್ಯರನ್ನು ಕರೆದುಕೊಂಡು ಯುರೋಪಿಗೆ ಹೋದರು. ಕೌಂಡಿಣ್ಯರು ಬಾಸೆಲ್‌ನಲ್ಲಿ ಶಿಕ್ಷಣ ಪಡೆದು ೧೮೫೧ರಲ್ಲಿ ದೀಕ್ಷಿತ ಪಾದ್ರಿಯಾದರು. ಅದಕ್ಕೆ ಮುಂಚೆಯೇ ಭಾರತಕ್ಕೆ ಮರಳಿದ್ದ ಮೋಗ್ಲಿಂಗ್ ಬಲ್ಮಠದ ಪಾಠಶಾಲೆಯ ಹೊಣೆಯ ಜೊತೆಗೆ ತಮ್ಮ ಜೀವನದ ಎರಡನೆಯ ಮಹತ್ಕಾರ್ಯವನ್ನು ಕೈಗೊಂಡರು. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ, ಮದರಾಸು ಸರ್ಕಾರದ ಸೇವೆಯಿಂದ ನಿವೃತ್ತರಾಗಿದ್ದ ನ್ಯಾಯಾಧೀಶ ಕಾಸಮೇಜರ್ ಕನ್ನಡದಲ್ಲಿ ಆಸಕ್ತರಾಗಿದ್ದರು. ಅವರ ಧನಸಹಾಯದಿಂದ ೧೮೪೮ರಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ ಮಂಗಳೂರಿನ ಕಲ್ಲಚ್ಚಿನಲ್ಲಿ ಪ್ರಕಟವಾಯಿತು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ಕುಮಾರವ್ಯಾಸ ಭಾರತದ ಮೊದಲ ಪರ್ವಗಳು, ದಾಸರ ಪದಗಳು ಈ ಮಾಲೆಯಲ್ಲಿ ಬಂದವು. ೧೮೪೯ರಲ್ಲಿ ಕಾಸಮೇಜರ್ ತೀರಿಕೊಂಡರೂ ಕೆಲಸ ಕೆಲಕಾಲ ಮುಂದುವರಿಯಿತು. ೧೮೫೧ರಲ್ಲಿ ಮೊಳೆಯಚ್ಚು ಮಂಗಳೂರಿಗೇ ಬಂದಿತು.

ಮತಪ್ರಸಾರಕರೊಬ್ಬರು ವೈಷ್ಣವ ಮತ್ತು ವೀರಶೈವ ಗ್ರಂಥಗಳನ್ನು ಅಚ್ಚು ಹಾಕಿಸಿದ್ದು ಅವರ ಸಂಸ್ಥೆಯ ಕೆಲವರಿಗೆ ಸರಿಕಂಡಿರಲಾರದು. ಮೋಗ್ಲಿಂಗ್ ಅವರ ಸಂಪಾದಕತ್ವದ ಎರಡು ಘಟ್ಟಗಳನ್ನು ಜೊತೆಗಿಟ್ಟು ನೋಡಿದಾಗ ಅವುಗಳೊಳಗಿನ ಏಕಸೂತ್ರತೆ ತಿಳಿಯುತ್ತದೆ. ಪತ್ರಿಕೆಗಾಗಿ ಊರ ಮಾತನ್ನು ಸಂಗ್ರಹಿಸಿದಂತೆಯೇ ಗ್ರಂಥಮಾಲೆಗಾಗಿ ಜನರ ಬಾಯಲ್ಲಿದ್ದ ಹಾಡುಗಳನ್ನೂ ಗಾದೆಗಳನ್ನೂ ಅವರು ಸಂಗ್ರಹಿಸಿದರು. ಎರಡು ಕಡೆಯೂ ಬಾಯಿಮಾತನ್ನು ಬರಹಕ್ಕೆ ತಂದು, ಪಾಠಗಳನ್ನು ಹೋಲಿಸಿ, ಗೊತ್ತಾದ ರೂಪದಲ್ಲಿ ಅಚ್ಚು ಹಾಕುವ ಕಾರ್ಯವೇ ನಡೆದಿದೆ. ಭಜನೆ ಮಂದಿರಗಳಲ್ಲಿ ಹಾಡಾಗಿ ಉಳಿದಿದ್ದ ದಾಸಸಾಹಿತ್ಯ ೧೮೫೦ರಲ್ಲಿ ಪುಸ್ತಕವಾಗಿ ಬಂದದ್ದು ಈ ಪದ್ಧತಿಯ ಫಲ.

೧೮೫೩ರಲ್ಲಿ ಮೋಗ್ಲಿಂಗ್ ಮಂಗಳೂರನ್ನು ಬಿಟ್ಟು ಕೊಡಗಿಗೆ ಹೋದರು. ಸಂನ್ಯಾಸಿಯಾಗಿ ಮಂಗಳೂರಿಗೆ ಬಂದಿದ್ದ ಅಳಮಂಡ ಸೋಮಯ್ಯ ಎಂಬ ಕೊಡವರು ಕ್ರೈಸ್ತರಾದದ್ದು ಈ ಪಯಣಕ್ಕೆ ನಿಮಿತ್ತವಾಯಿತು. ಲಿಂಗಾಯತ ಅರಸರ ಆಳ್ವಿಕೆ ಕೊನೆಗೊಂಡು ೧೮೩೪ರಲ್ಲಿ ಕಂಪನಿಯ ವಶವಾಗಿದ್ದ ಕೊಡಗಿನಲ್ಲಿ ಅವರು ಜನರ ಚರಿತ್ರೆ, ಆಚಾರ, ಬಂಡಾಯದ ನೆನಪುಗಳನ್ನು ಸಂಗ್ರಹಿಸಿದರು. ೧೮೫೫ರಲ್ಲಿ ಪ್ರಕಟವಾದ ‘ಕೂರ್ಗ್ ಮೆಮಾಯರ್ಸ್’ ಎಂಬ ಇಂಗ್ಲಿಷ್ ಗ್ರಂಥ ಆ ನಾಡಿನ ಬಗೆಗೆ ಬರೆದ ಮೊದಮೊದಲ ಪುಸ್ತಕಗಳಲ್ಲಿ ಒಂದು. ಕೊಡಗಿನ ಅರಸರ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನೂ ಅವರು ಸಂಪಾದಿಸಿದರು. ೧೮೫೫ರಲ್ಲಿ ವೈಗ್ಲೆ ತೀರಿಕೊಂಡರು. ಅವರ ಪತ್ನಿ ಪೌಲೀನರನ್ನು ಮೋಗ್ಲಿಂಗ್ ಮದುವ��ಯಾಗಿ ಮಿತ್ರನ ಮಕ್ಕಳ ಹೊಣೆಯನ್ನು ಹೊತ್ತರು. ೧೮೫೮ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಕನ್ನಡದ ಕೆಲಸಕ್ಕಾಗಿ ಯುರೋಪಿನ ವಿಶ್ವವಿದ್ಯಾಲಯವೊಂದು ಕೊಟ್ಟ ಗೌರವಗಳಲ್ಲಿ ಅದು ಮೊದಲಿನದು.

ಪತ್ನಿಯ ಅನಾರೋಗ್ಯದಿಂದಾಗಿ ೧೮೬೦ರಲ್ಲಿ ಅವರು ಭಾರತವನ್ನು ಬಿಡಬೇಕಾಯಿತು. ಜರ್ಮನಿಯಲ್ಲಿದ್ದುಕೊಂಡು ಹರಿದಾಸರ ಹಾಡುಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ೧೮೫೩ರಲ್ಲಿ ಭಾರತಕ್ಕೆ ಬಂದಿದ್ದ ಫರ್ಡಿನಾಂಡ್ ಕಿಟೆಲ್ ಅವರ ನಿಘಂಟು ೧೮೯೪ರಲ್ಲಿ ಹೊರಬರುವ ಕಾಲಕ್ಕೆ ಮೋಗ್ಲಿಂಗ್ ಇರಲಿಲ್ಲ. ೧೮೮೧ರ ಮೇ ೧೦ರಂದು ಎಸ್ಲಿಂಗನ್ ಎಂಬಲ್ಲಿ ಅವರು ನಿಧನರಾದರು. ಮರುವರ್ಷ ಗುಂಡರ್ಟ್ ಅವರು ಮಿತ್ರನ ಜೀವನಚರಿತ್ರೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದರು.

ಅವರು ತೀರಿಕೊಂಡ ವರ್ಷದ ಜನವರಿಯಲ್ಲಿಯೇ ಪುಣೆಯಲ್ಲಿ ‘ಕೇಸರಿ’ ಹುಟ್ಟಿದ್ದು ಕಾಲದ ತಿರುವನ್ನು ಸೂಚಿಸುತ್ತದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ವಿದ್ಯಾವಂತರಿಗೆ ಪುಣೆ ವಿದ್ಯಾಕೇಂದ್ರವಾಗಿತ್ತು. ಅಲ್ಲಿಯ ಪತ್ರಿಕೆಗಳ ಕಾವು ಅವರ ಮೂಲಕ ಕನ್ನಡಕ್ಕೂ ಹರಿಯಿತು. ಇತ್ತ ಮೈಸೂರಿನಲ್ಲಿ ೧೮೫೯ರಲ್ಲಿ ಭಾಷ್ಯಂ ಭಾಷ್ಯಾಚಾರ್ಯರ ‘ಮೈಸೂರು ವೃತ್ತಾಂತ ಬೋಧಿನಿ’ ಹೊರಟಿತ್ತು. ಪತ್ರಿಕೆಯ ನಾಯಕತ್ವ ಮಿಶನ್ನುಗಳಿಂದ ದೇಶೀಯರ ಕೈಗೆ ಬಂದಿತು. ಬೋಧೆಯ ಜಾಗದಲ್ಲಿ ರಾಜಕೀಯ ಅಭಿಪ್ರಾಯ ನಿಂತಿತು. ಸುದ್ದಿ ಮತ್ತು ಅಭಿಪ್ರಾಯಗಳ ನಡುವಣ ಗೆರೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ೧೯೨೮ರಲ್ಲಿ ಡಿ.ವಿ. ಗುಂಡಪ್ಪನವರು ‘ವೃತ್ತಪತ್ರಿಕೆ’ ಎಂಬ ಕೃತಿಯಲ್ಲಿ ಪತ್ರಿಕೆಯ ಧರ್ಮವನ್ನು ಶಾಸ್ತ್ರೀಯವಾಗಿ ವಿವೇಚಿಸುವ ಹೊತ್ತಿಗೆ ಕನ್ನಡ ಪತ್ರಿಕೆಗೆ ಎಂಬತ್ತೈದು ವರ್ಷಗಳ ಅನುಭವ ಕೂಡಿದ್ದಿತು.

ಮೋಗ್ಲಿಂಗ್ ಅವರನ್ನು ಕನ್ನಡಿಗರು ಒಂದು ಕಾಲದಲ್ಲಿ ಬಹುಮಟ್ಟಿಗೆ ಮರೆತಿದ್ದರು. ಶ್ರೀನಿವಾಸ ಹಾವನೂರರು ೧೯೭೪ರಲ್ಲಿ ಪ್ರಕಟವಾದ ‘ಹೊಸಗನ್ನಡದ ಅರುಣೋದಯ’ದಲ್ಲಿ ಹತ್ತೊಂಬತ್ತನೆಯ ಶತಮಾನದ ಮಿಶನರಿ ಬರಹಗಳಿಗೆ ಸಲ್ಲಬೇಕಾದ ಸ್ಥಾನವನ್ನು ತೋರಿಸಿಕೊಟ್ಟ ಮೇಲೆ ಈ ಹೆಸರು ಮತ್ತೆ ವಿದ್ವಾಂಸರ ನಡುವೆ ಬಳಕೆಗೆ ಬಂದಿತು. ಜುಲೈ ೧ ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಣೆಗೆ ಬಂದಿದೆ. ಗೌರವಿಸುವ ಭರದಲ್ಲಿ ಅವರ ಮಿತಿಗಳನ್ನು ಮರೆಯುವುದು ಸರಿಯಲ್ಲ. ವಸಾಹತು ಆಡಳಿತದ ನೆರಳಿನಲ್ಲಿ, ಪರಮತವನ್ನು ತಿದ್ದಬೇಕೆಂಬ ನಂಬಿಕೆಯಿಂದ ಕೆಲಸ ಮಾಡಿದವರು ಅವರು. ಮಂಗಳೂರಿನ ಎಷ್ಟೋ ಮನೆಗಳಿಗೆ ೧೮೪೪ರ ಜನವರಿ ನೋವಿನ ನೆನಪಾಗಿತ್ತು. ಹಾಗೆಂದು ಅವರ ಪತ್ರಿಕೆಯನ್ನು ಮತಪ್ರಸಾರದ ಉಪಕರಣವೆಂದಷ್ಟೇ ಬಗೆದು ಬದಿಗಿಟ್ಟರೆ, ಕನ್ನಡದ ವರದಿಗೆ ಮೊದಲ ಚೌಕಟ್ಟು ಎಲ್ಲಿಂದ ಬಂದಿತೆಂಬ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ.

ಹೀಗಾಗಿ ಮೋಗ್ಲಿಂಗ್ ಅವರ ಪತ್ರಿಕಾಕಾರ್ಯವನ್ನು ಅದರ ಸಾಧನೆ ಮತ್ತು ತೊಡಕುಗಳೆರಡರ ಸಹಿತವಾಗಿ ಅಭ್ಯಸಿಸುವುದು ಉಚಿತ. ಊರ ಸುದ್ದಿಯನ್ನು ಮೊದಲು ಇಡಬೇಕು, ಸರಕಾರದ ಮಾತನ್ನು ಸರಕಾರದ್ದೆಂದೇ ತೋರಿಸಬೇಕು, ದೂರದ ಸುದ್ದಿಗೆ ಮೂಲ ಬೇಕು, ಉಪದೇಶಕ್ಕೆ ಬೇರೆ ಅಂಕಣವಿರಬೇಕು ಎಂಬ ನಾಲ್ಕು ಸರಳ ನಿಯಮಗಳನ್ನು ಅವರ ನಾಲ್ಕು ಪುಟಗಳ ವಿನ್ಯಾಸ ಒಳಗೊಂಡಿತ್ತು. ಆ ನಿಯಮಗಳನ್ನು ಪಾಲಿಸುವುದು ಎಷ್ಟು ಕಷ್ಟವೆಂಬುದನ್ನೂ ಅವರ ಅನುಭವವೇ ತೋರಿಸಿತು. ೧೮೪೩ರ ಕಲ್ಲಚ್ಚಿನ ಅಕ್ಷರಗಳು ಮಾಸಿರಬಹುದು. ಆ ಕಷ್ಟ ಕನ್ನಡದ ಪ್ರತಿಯೊಂದು ಸುದ್ದಿಮನೆಯಲ್ಲಿಯೂ ಪ್ರತಿದಿನ ಹೊಸದಾಗಿ ಎದುರಾಗುತ್ತದೆ.